ರ‍್ಯಾಂಕು ಬಂತು, ಪಟ್ಟಿ ಬರೆಯುವುದು ಹೇಗೆ?

ಮೃಗಶಿರಾ ಮಳೆ ಬಿದ್ದು ಹೆಸರು ಬಿತ್ತಿ ಮುಗಿಸಿದ ಮನೆ. ಜೂನ್ ತಿಂಗಳಲ್ಲಿ ನವಲಗುಂದ ತಾಲೂಕಿನ ಯಾವ ಊರಿಗೆ ಹೋದರೂ ಇಂಥದೊಂದು ಮನೆ ಸಿಕ್ಕೀತು. ಕೈಯಲ್ಲಿದ್ದ ರೊಕ್ಕ ಬೀಜ ಗೊಬ್ಬರಕ್ಕೆ ಹೋಗಿದೆ. ಪಿಯುಸಿ ವಿಜ್ಞಾನ ಪಾಸಾದ ಮಗಳು ಸಿಇಟಿ ರ‍್ಯಾಂಕಿನ ಚೀಟಿ ಹಿಡಿದು ಕೂತಿದ್ದಾಳೆ. ಪಡಸಾಲೆಯಲ್ಲಿ ಅಪ್ಪ, ಕಾಕಾ, ಹುಬ್ಬಳ್ಳಿಯಿಂದ ಬಂದ ಸೋದರಮಾವ.

"ಈ ರ‍್ಯಾಂಕಿಗೆ ಸೀಟ್ ಸಿಗತೈತೋ ಇಲ್ಲೋ, ಅದನ್ನಷ್ಟ ಹೇಳ್ರೆಪಾ" ಎಂದು ಅಪ್ಪ ಕೇಳುತ್ತಾನೆ. ಹುಡುಗಿಗೆ ಮನಸ್ಸಿರುವುದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಲೆ. ಮಾವನಿಗೆ ಕಂಪ್ಯೂಟರ್ ಸೈನ್ಸ್, ಅದೂ ಬೆಂಗಳೂರಿನಲ್ಲಿ. ಕಾಕಾನದು ಮೂರನೇ ಮಾತು: "ಖಾತ್ರಿ ಸಿಗೂದನ್ನ ಮೊದಲ ಬರೀರಿ. ಕೈಗೆ ಬಂದದ್ದು ಹೋದೀತು."

ಮೂವರೂ ಹುಡುಗಿಯ ಹಿತಚಿಂತಕರೇ. ಆದರೆ ಚೀಟಿಯಲ್ಲಿರುವ ಅಂಕಿ ಹೇಗೆ ಹುಟ್ಟಿತೆಂಬುದನ್ನು ಮೂವರೂ ನೋಡಿಲ್ಲ.

1994ರಲ್ಲಿ ಸಿಇಟಿ ಆರಂಭವಾದಂದಿನಿಂದ ಹಳ್ಳಿಯ ಪಾಲಕರನ್ನು ದಿಕ್ಕು ತಪ್ಪಿಸುವುದು ಪಿಯುಸಿಯ ಶೇಕಡಾವಾರು. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಪಿಯುಸಿಯಲ್ಲಿ ಈ ಮೂರು ವಿಷಯಗಳಿಗೆ ಶೇ. 90 ಪಡೆದು, ಸಿಇಟಿಯ 180 ಅಂಕಗಳಲ್ಲಿ 90 ಪಡೆದವಳಿಗೆ 45 ಮತ್ತು 25 ಸೇರಿ 70 ಆಗುತ್ತದೆ. ಪಿಯುಸಿಯಲ್ಲಿ ಶೇ. 80 ಪಡೆದು ಸಿಇಟಿಯಲ್ಲಿ 117 ತಂದ ಹುಡುಗನಿಗೆ 40 ಮತ್ತು 32.5, ಅಂದರೆ 72.5. ಊರಿಗೆಲ್ಲ ಪೇಡೆ ಹಂಚಿದವಳು ಅವನ ಹಿಂದೆ ನಿಲ್ಲಬೇಕು. ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಗೊತ್ತಿಲ್ಲದ ಪ್ರಶ್ನೆಗಳನ್ನು ಖಾಲಿ ಬಿಟ್ಟು ಬರುವ ಮಕ್ಕಳು ಇಂದಿಗೂ ಇದ್ದಾರೆ. ಹಳ್ಳಿಯ ಮಕ್ಕಳ ಪ್ರಾಮಾಣಿಕತೆ ಇಲ್ಲಿ ದುಬಾರಿ ಬೀಳುತ್ತದೆ.

ಕೃಷಿ ಪದವಿಗೆ ಜೀವಶಾಸ್ತ್ರವೂ ಸೇರಿ ಬೇರೆಯೇ ರ‍್ಯಾಂಕು ಬರುತ್ತದೆ. ಪಿಯುಸಿಗೆ ಸೇರುವಾಗ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಹಿಡಿದಿದ್ದರೆ ಈ ಬಾಗಿಲು ಎರಡು ವರ್ಷದ ಹಿಂದೆಯೇ ಮುಚ್ಚಿರುತ್ತಿತ್ತು. ಈ ಹುಡುಗಿ ಬಿಟ್ಟಿಲ್ಲ. ರೈತರ ಮಕ್ಕಳಿಗೆಂದು ಕೃಷಿ ಪದವಿಯಲ್ಲಿ ದೊಡ್ಡ ಪಾಲು ಮೀಸಲಿದೆ. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು. ಬೀಜ, ಗಿಡ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಗೂ ಹೋಗಬೇಕು. ಕಡಲೆಯನ್ನೂ ಕುಸುಬೆಯನ್ನೂ ಹೊಲದಲ್ಲೇ ನೋಡಿ ಬೆಳೆದವಳಿಗೆ ಅದು ಅಂಜಿಕೆಯ ಪರೀಕ್ಷೆಯಲ್ಲ. ಪರೀಕ್ಷೆಯ ದಿನ ತಪ್ಪಿಸಿಕೊಂಡರೆ ಮಾತ್ರ ಆ ಪಾಲು ಆಕೆಯದಲ್ಲ.

ಇನ್ನು ಕಳೆದ ವರ್ಷ ಯಾವ ಕಾಲೇಜು ಎಷ್ಟನೇ ರ‍್ಯಾಂಕಿಗೆ ನಿಂತಿತ್ತು ಎಂಬ ಲೆಕ್ಕ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಈ ಪಟ್ಟಿಯನ್ನು ಪ್ರಕಟಿಸುತ್ತದೆ. ಮಾವ ತನ್ನ ಮೊಬೈಲಿನಲ್ಲಿ ಅದನ್ನು ತೆರೆದು, ಸಾಮಾನ್ಯ ವರ್ಗದ ಕಾಲಮ್ಮು ನೋಡಿ, ಆಗೂದಿಲ್ಲ ಎಂದು ತಲೆ ಅಲ್ಲಾಡಿಸಿದ. ನೋಡಬೇಕಾದ್ದು ಆ ಕಾಲಮ್ಮನ್ನಲ್ಲ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಆಯಾ ವರ್ಗದೊಳಗೇ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಹುಡುಗಿ 3ಬಿ ವರ್ಗದವಳಾದರೆ 3ಬಿ ಗ್ರಾಮೀಣ, 3ಬಿ ಕನ್ನಡ, ಸಾಮಾನ್ಯ ಗ್ರಾಮೀಣ, ಸಾಮಾನ್ಯ ಕನ್ನಡ ಎಂದು ನಾಲ್ಕೈದು ಕಾಲಮ್ಮುಗಳು ಆಕೆಯವೇ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. 3ಬಿಗೆ ಶೇ. 5 ಮೀಸಲು. 100 ಸೀಟಿದ್ದರೆ ಅವರಿಗೆ 5. ಆ 5ರಲ್ಲಿ ಶೇ. 15 ಎಂದರೆ ಮುಕ್ಕಾಲು ಸೀಟು! ಮುಕ್ಕಾಲು ಸೀಟಿನಲ್ಲಿ ಯಾರನ್ನು ಕೂರಿಸುವುದು? ಒಂದು ವರ್ಷ ಒಂದು ಸೀಟು ಬಂದೀತು, ಮರುವರ್ಷ ಬಾರದೆಯೂ ಇದ್ದೀತು. ಆ ಒಂದು ಸೀಟಿಗೆ ಯಾರು ಬಂದರೆನ್ನುವುದರ ಮೇಲೆ ಕಡೆಯ ರ‍್ಯಾಂಕು ಸಾವಿರಗಟ್ಟಲೆ ಮೇಲೆ ಕೆಳಗೆ ಹೋಗುತ್ತದೆ. ಒಂದೇ ವರ್ಷದ ಅಂಕಿ ನಂಬಿದವರು ವೃಥಾ ಹಿಗ್ಗುತ್ತಾರೆ, ಇಲ್ಲವೇ ವೃಥಾ ಕುಗ್ಗುತ್ತಾರೆ. ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡುವುದು ಲೇಸು.

ಈಗ ಕಾಕಾನ ಮಾತಿಗೆ ಬರೋಣ. ಪಡಸಾಲೆಯಲ್ಲಿ ಹೆಚ್ಚು ತೂಕ ಪಡೆದದ್ದೂ, ಹೆಚ್ಚು ಹಾನಿ ಮಾಡಬಹುದಾದದ್ದೂ ಅದೇ. ಗಣಕಯಂತ್ರ ರ‍್ಯಾಂಕಿನ ಸಾಲಿನಂತೆ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ಅವರು ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ, ಅವರಿಗೆ ಸಲ್ಲುವ ಸೀಟು ಎಲ್ಲಿ ಮೊದಲು ಖಾಲಿ ಕಂಡಿತೋ ಅದನ್ನು ಕೊಟ್ಟು ಮುಂದೆ ಹೋಗುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ ಆಕೆಯ ಹಕ್ಕು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆಸೆಯ ಕಾಲೇಜನ್ನು ಮೇಲೆ ಬರೆದದ್ದಕ್ಕೆ ದಂಡವಿಲ್ಲ. ಖಾತ್ರಿಯದನ್ನು ಮೇಲೆ ಬರೆದರೆ ಮಾತ್ರ ದಂಡವುಂಟು. ಅದು ಸಿಕ್ಕೇ ಸಿಗುತ್ತದೆ, ಅದರ ಕೆಳಗಿನ ಆಸೆಗಳನ್ನು ಯಂತ್ರ ತೆರೆದೂ ನೋಡುವುದಿಲ್ಲ. ಖಾತ್ರಿಯದು ಬೇಕೇ ಬೇಕು, ಆದರೆ ಅದರ ಜಾಗ ಪಟ್ಟಿಯ ಕಡೆಯಲ್ಲಿ. ಸಿಕ್ಕರೂ ಹೋಗಲಾರೆವು ಎನ್ನುವ ಕಾಲೇಜನ್ನು ಬರೆಯಲೇಬಾರದು.

ಹೋಗಲಾರದ ಕಾಲೇಜು ಯಾವುದು ಎಂಬುದನ್ನು ಮಾತ್ರ ರೊಕ್ಕದ ಲೆಕ್ಕ ಹಾಕಿಯೇ ಹೇಳಬೇಕು. ಬೆಂಗಳೂರಿನಲ್ಲಿ ಸೀಟು ಸಿಕ್ಕರೂ ನಾಲ್ಕು ವರ್ಷದ ವಸತಿ, ಊಟ ಬೇರೆ. ಹುಬ್ಬಳ್ಳಿಯ ಹಳೆಯ ಬಿವಿಬಿ ಕಾಲೇಜು 2015ರಿಂದ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿಯ ಶುಲ್ಕವೇ ಬೇರೆ, ಧಾರವಾಡದ ಎಸ್‌ಡಿಎಂ ಕಾಲೇಜಿನ ಶುಲ್ಕವೇ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿನ ಖರ್ಚಿಲ್ಲ. ಅಣ್ಣಿಗೇರಿ, ಕುಂದಗೋಳದವರಿಗೆ ರೈಲೂ ಉಂಟು. ನವಲಗುಂದದವರಿಗೆ ಬಸ್ಸೇ ಗತಿ. ಕಲಘಟಗಿಯವರಿಗೂ ಅಷ್ಟೇ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಒಂದು ಕಾಗದದ ಮೇಲೆ. ಅದು ಹತ್ತು ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಎಲ್ಲಿತ್ತೆಂದು ನೋಡುತ್ತಾರೆ. ನವಲಗುಂದ, ಅಣ್ಣಿಗೇರಿಗಳು ಪುರಸಭೆಗಳು. ಕುಂದಗೋಳ, ಕಲಘಟಗಿ ಪಟ್ಟಣ ಪಂಚಾಯತಿಗಳು. ನಿಯಮದ ಕಣ್ಣಿಗೆ ಇವಾವುವೂ ಗ್ರಾಮೀಣವಲ್ಲ. ದಿನಾಲೂ ಹಳ್ಳಿಯಿಂದ ಬಸ್ಸು ಹತ್ತಿ ಪಟ್ಟಣದ ಹೈಸ್ಕೂಲಿಗೆ ಹೋಗಿ ಬಂದ ಮಗು ಮೂರು ವರ್ಷದಲ್ಲಿ ಆ ಹಕ್ಕು ಕಳೆದುಕೊಂಡಿರುತ್ತದೆ. ಊರಿನಲ್ಲಿ ಹೈಸ್ಕೂಲೇ ಇಲ್ಲದ್ದು ಮಗುವಿನ ತಪ್ಪೇ ಎಂದು ಕೇಳಿದರೆ ಉತ್ತರವಿಲ್ಲ. ಕನ್ನಡ ಮಾಧ್ಯಮದ ಹಕ್ಕಾದರೂ ಉಳಿಯುತ್ತದೆ ಎನ್ನುವುದೊಂದೇ ಸಮಾಧಾನ.

ಹುಡುಗಿಯ ತಮ್ಮ ಏಳನೆಯ ತರಗತಿ ಪಾಸಾಗಿದ್ದಾನೆ. ಅವನನ್ನು ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಗೆ ಹಾಕಬೇಕೆಂದು ಅಪ್ಪ ಅದೇ ವಾರ ಮಾವನೊಡನೆ ಮಾತಾಡಿಕೊಂಡಿದ್ದ. ಹಾಕಿದರೆ ಎರಡು ಹಕ್ಕೂ ಒಟ್ಟಿಗೆ ಹೋಗುತ್ತವೆ. ಹಾಗೆಂದು ಹಾಕಲೇಬಾರದೆಂದೂ ಅಲ್ಲ. ಊರ ಹೈಸ್ಕೂಲಿನಲ್ಲಿ ವರ್ಷವಿಡೀ ಗಣಿತದ ಮಾಸ್ತರರೇ ಇಲ್ಲದಿದ್ದರೆ ಬರೀ ಪ್ರಮಾಣಪತ್ರ ಲೆಕ್ಕ ಕಲಿಸುವುದಿಲ್ಲ. ಮಾಸ್ತರರು ಇದ್ದಾರೆಯೇ ಎಂದು ಮೊದಲು ಶಾಲೆಗೆ ಹೋಗಿ ನೋಡಬೇಕು. ಇದ್ದರೆ, ಮೂರು ವರ್ಷ ತಡೆಯುವುದರಲ್ಲಿ ಲಾಭವಿದೆ.

ಪಟ್ಟಿಯನ್ನು ಒಮ್ಮೆ ಬರೆದರೆ ಮುಗಿಯಲಿಲ್ಲ. ಮೊದಲು ಅಣಕು ಹಂಚಿಕೆ ನಡೆಯುತ್ತದೆ, ಅದನ್ನು ನೋಡಿ ಕ್ರಮ ಬದಲಿಸಲು ಅವಕಾಶ ಕೊಡುತ್ತಾರೆ. ಅಷ್ಟೊತ್ತಿಗೆ ಹೊಲದಲ್ಲಿ ಹೆಸರಿಗೆ ಎಡೆ ಹೊಡೆಯುವ ಕಾಲ. ಹುಡುಗಿ ಅಪ್ಪನೊಡನೆ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತಾಗ ಒಟಿಪಿ ಬಂದದ್ದು ಕಾಕಾನ ಮೊಬೈಲಿಗೆ. ಅರ್ಜಿ ಹಾಕುವಾಗ ಕೊಟ್ಟಿದ್ದು ಅವನ ನಂಬರು, ಅವನೋ ಹೊಲದಲ್ಲಿ. ಮೂರು ಸಲ ರಿಂಗಾದ ಮೇಲೆ ಎತ್ತಿದ. ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿ, "ಮೊದಲ ಯಾವುದ ಬರದಿ ಯವ್ವಾ?" ಎಂದು ಕೇಳಿದ.

"ಧಾರವಾಡ ಕೃಷಿ, ಕಾಕಾ. ನೀ ಹೇಳಿದ್ದು ಕಡೀಕ ಐತಿ."