ಗುಂಡಿಗೆ ನೆನಪಿರಲಿ, ಕಿವಿ ಹಾಡುವವರ ಕಡೆಗಿರಲಿ

ಶಾಲೆಯ ವಾರ್ಷಿಕೋತ್ಸವ ಹಾಡಿಲ್ಲದೆ ಮುಗಿಯುವುದುಂಟೆ? ಪ್ರಾರ್ಥನೆ, ಸ್ವಾಗತಗೀತೆ, ನಾವಿರುವ ಈ ದೇಶದ ರಾಷ್ಟ್ರಗೀತೆ, ನಮ್ಮ ರಾಷ್ಟ್ರಗೀತೆ, ಅನಂತರ ಕನ್ನಡ, ಮಲಯಾಳಂ, ತಮಿಳು, ಹಿಂದಿ ಗೀತೆಗಳು. ಊರಿನಲ್ಲಾದರೆ ತಬಲಾ, ಕೊಳಲು, ಹಾರ್ಮೋನಿಯಂ ನುಡಿಸುವವರನ್ನು ಸೇರಿಸಿ ಒಂದು ವಾದ್ಯಗೋಷ್ಠಿಯನ್ನೇ ಕಟ್ಟಬಹುದು. ಈ ಕೊಲ್ಲಿ ನಾಡಿನಲ್ಲಿ ಅಷ್ಟು ಜನ ಒಂದೇ ಶುಕ್ರವಾರ ಬಿಡುವು ಮಾಡಿಕೊಂಡು ಬರುವುದು ಕಷ್ಟ. ಹಾಗಾಗಿ ಭಾರವೆಲ್ಲ ಒಂದು ಕೀಬೋರ್ಡಿನ ಮೇಲೆ ಬೀಳುತ್ತದೆ. ಎಡಗೈಯಲ್ಲಿ ಕಾರ್ಡ್ ಹಿಡಿದರೆ ತಾಳ, ಬೇಸ್, ಗಿಟಾರ್‌ಗಳನ್ನು ತಾನೇ ನುಡಿಸುವ ಈ ವಾದ್ಯಕ್ಕೆ ‘ಅರೇಂಜರ್ ಕೀಬೋರ್ಡ್’ ಎಂದು ಹೆಸರು.

ಈ ವಾದ್ಯದ ಒಂದು ಸಣ್ಣ ಸೌಲಭ್ಯದ ಬಗ್ಗೆ ನನ್ನ ಅಭಿಪ್ರಾಯವನ್ನು ಮಕ್ಕಳ ಮತ್ತು ಪೋಷಕರ ಮುಂದಿಡುವುದು ಈ ಲೇಖನದ ಉದ್ದೇಶ. ಒಂದು ಹಾಡಿಗೆ ಬೇಕಾದ ಎಲ್ಲ ಹೊಂದಾಣಿಕೆಗಳನ್ನು ಮೊದಲೇ ಒಂದು ಗುಂಡಿಯಲ್ಲಿ ಉಳಿಸಿಟ್ಟು, ವೇದಿಕೆಯಲ್ಲಿ ಒಂದೇ ಒತ್ತಿಗೆ ಕರೆಸಿಕೊಳ್ಳುವ ಸೌಲಭ್ಯ ಅದು. ಯಮಾಹಾ ಮತ್ತು ಕ್ಯಾಸಿಯೊ ಕಂಪನಿಗಳು ಇದನ್ನು ‘ರಿಜಿಸ್ಟ್ರೇಶನ್’ ಎನ್ನುತ್ತವೆ. ಕೊರ್ಗ್‌ನ ಪಿಎ ಸರಣಿಯಲ್ಲಿ ‘ಸಾಂಗ್‌ಬುಕ್’ ಎಂಬ ಹಾಡುಗಳ ಪಟ್ಟಿಯೇ ಇದೆ. ಹಾಡಿನ ಹೆಸರು ಆರಿಸಿದರೆ ಅದರ ರಿದಮ್, ಟೆಂಪೊ, ಟೋನ್ ಎಲ್ಲ ಒಟ್ಟಿಗೆ ಬರುತ್ತವೆ. ರಿಜಿಸ್ಟ್ರೇಶನ್ ಎಂಬ ಮಾತು ಬಂದದ್ದು ಇಗರ್ಜಿಗಳ ದೊಡ್ಡ ಪೈಪ್ ಆರ್ಗನ್‌ನಿಂದ. ಯಾವ ಸಾಲಿನ ಕೊಳವೆಗಳು ನುಡಿಯಬೇಕು ಎಂದು ಹಿಡಿಗಳನ್ನೆಳೆದು ಆರಿಸುವುದಕ್ಕೆ ಆ ವಾದಕರು ಇಟ್ಟ ಹೆಸರು ಅದು.

ಈ ಸೌಲಭ್ಯದ ಬಗ್ಗೆ ಪೋಷಕರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. “ಎಲ್ಲ ಗುಂಡಿಯಲ್ಲೇ ಇದೆ, ಇದರಲ್ಲಿ ನುಡಿಸುವವರ ವಿದ್ಯೆ ಏನು ಬಂತು?” ಎನ್ನುವವರು ಕೆಲವರು. “ಎಲ್ಲ ಗುಂಡಿಯಲ್ಲೇ ಇದೆಯಲ್ಲ, ಇನ್ನು ಪ್ರಾಕ್ಟೀಸ್ ಯಾಕೆ? ಮಕ್ಕಳು ನೇರವಾಗಿ ಬಂದು ಹಾಡಲಿ” ಎನ್ನುವವರು ಇನ್ನು ಕೆಲವರು. ನನ್ನ ದೃಷ್ಟಿಯಲ್ಲಿ ಎರಡೂ ಸರಿಯಲ್ಲ. ಯಂತ್ರ ನೆನಪಿಡಬಹುದಾದ್ದನ್ನು ಯಂತ್ರಕ್ಕೇ ಒಪ್ಪಿಸಬೇಕು. ಆಗ ಉಳಿಯುವ ಗಮನವನ್ನೆಲ್ಲ ಹಾಡುವ ಮಗುವಿಗೆ ಕೊಡಬೇಕು. ಗುಂಡಿ ಇರುವುದು ಅದಕ್ಕಾಗಿ.

ಮೊದಲ ಆಕ್ಷೇಪವನ್ನು ನೋಡೋಣ. ಒಂದು ಭಾವಗೀತೆಗೆ ಏನೇನು ಬೇಕು ಎಂದು ಎಣಿಸಿ. ಬಲಗೈಗೆ ಒಂದು ಟೋನ್, ಅದರ ಜೊತೆಗೆ ಮೆಲ್ಲಗೆ ಸ್ಟ್ರಿಂಗ್ಸ್, ಎಡಗೈಗೆ ಮತ್ತೊಂದು ಟೋನ್, ಕೀಬೋರ್ಡನ್ನು ಎಲ್ಲಿ ಎರಡು ಭಾಗ ಮಾಡಬೇಕು ಎಂಬುದು, ಯಾವ ರಿದಮ್, ಅದರ ವೇಗ, ಶ್ರುತಿ, ರಿದಮ್ ಎಷ್ಟು ಜೋರಾಗಿರಬೇಕು ಎಂಬುದು. ಎಂಟು ಸಂಗತಿಗಳಾದವು. ಪಲ್ಲವಿಗೆ ಹಾರ್ಮೋನಿಯಂ, ನಡುವಿನ ಬಿಜಿಎಂಗೆ ಕೊಳಲು, ಚರಣಕ್ಕೆ ಮತ್ತೊಂದು ಎಂದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಇಂಥ ಹದಿನೈದು ಹಾಡುಗಳ ಕಾರ್ಯಕ್ರಮದಲ್ಲಿ ಪ್ರತಿ ಹಾಡಿಗೂ ಇದನ್ನೆಲ್ಲ ವೇದಿಕೆಯ ಮೇಲೆಯೇ ಹುಡುಕುತ್ತ ಕುಳಿತರೆ ಗತಿಯೇನು? ನಿರೂಪಕಿ ಹೆಸರು ಹೇಳಿಯಾಗಿದೆ, ಪರದೆ ಸರಿದಿದೆ, ಎರಡನೆಯ ತರಗತಿಯ ಮಗು ಮೈಕು ಹಿಡಿದು ದೀಪದ ಬೆಳಕಿನಲ್ಲಿ ನಿಂತಿದೆ. ಕೀಬೋರ್ಡಿನವರು ಮಾತ್ರ ಕತ್ತು ಬಗ್ಗಿಸಿ ಕೊಳಲಿನ ನಂಬರು ಹುಡುಕುತ್ತಿದ್ದಾರೆ. ಆ ಅರ್ಧ ನಿಮಿಷ ನಮಗೆ ಅರ್ಧ ನಿಮಿಷ. ಆ ಮಗುವಿಗೆ ಅದು ಒಂದು ಯುಗ. ಬಾಯಿ ಒಣಗುವುದು, ಮೊದಲ ಸಾಲು ಮರೆಯುವುದು ಆಗಲೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಮೊದಲೇ ಉಳಿಸಿಡುವುದು ಸೋಮಾರಿತನವಲ್ಲ, ಅದೂ ಒಂದು ಸಾಧನೆಯೇ. ಯಾವ ಟೋನ್, ಯಾವ ತಾಳ, ಎಷ್ಟು ವೇಗ ಎಂದು ನಿರ್ಧರಿಸಲು ಹಾಡನ್ನು ಹತ್ತಾರು ಬಾರಿ ಕೇಳಿರಬೇಕು. ಗುಂಡಿ ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ.

ವೇಗದ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ರಾಷ್ಟ್ರಗೀತೆಯ ಪೂರ್ಣ ಪಾಠಕ್ಕೆ ಸುಮಾರು 52 ಸೆಕೆಂಡು ಎಂದು ಸರ್ಕಾರವೇ ಹೇಳಿದೆ. 2004ರಲ್ಲಿ ಕರ್ನಾಟಕದ ನಾಡಗೀತೆಯಾದ ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಕರ್ನಾಟಕ ಸರ್ಕಾರ ಗೊತ್ತುಮಾಡಿತು. ಮಕ್ಕಳೇ, ಒಂದು ಸಣ್ಣ ಲೆಕ್ಕ ಮಾಡಿ. ಯಾವುದೋ ಒಂದು ಹಾಡಿನಲ್ಲಿ 240 ಎಣಿಕೆಗಳಿವೆ ಎಂದುಕೊಳ್ಳಿ. ಟೆಂಪೊ 96 ಇದ್ದರೆ ಅದು 150 ಸೆಕೆಂಡಿಗೆ, ಅಂದರೆ ಸರಿಯಾಗಿ ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆ. 90 ಇಟ್ಟರೆ 160 ಸೆಕೆಂಡು, 120 ಇಟ್ಟರೆ 120 ಸೆಕೆಂಡು. ವೇದಿಕೆಯ ಗಡಿಬಿಡಿಯಲ್ಲಿ ನಮ್ಮ ಎದೆಬಡಿತ ಏರಿದಂತೆ ಕೈಯ ವೇಗವೂ ಏರುತ್ತದೆ. ಆಗ ಸಣ್ಣ ಮಕ್ಕಳಿಗೆ ಉಸಿರು ತೆಗೆದುಕೊಳ್ಳಲು ಜಾಗವಿರುವುದಿಲ್ಲ. ಪ್ರಾಕ್ಟೀಸಿನಲ್ಲಿ ಶಾಂತವಾಗಿ ಗೊತ್ತುಮಾಡಿದ ವೇಗವನ್ನು ಗುಂಡಿ ನೆನಪಿಟ್ಟುಕೊಳ್ಳುವುದು ಎಷ್ಟು ದೊಡ್ಡ ಉಪಕಾರ!

ಈಗ ಎರಡನೆಯ ಗುಂಪಿನವರ ಮಾತಿಗೆ ಬರೋಣ. ಎಲ್ಲ ಉಳಿಸಿಟ್ಟ ಮೇಲೆ ಪ್ರಾಕ್ಟೀಸ್ ಬೇಡವೇ? ಬೇಕು, ಮುಖ್ಯವಾಗಿ ಶ್ರುತಿಯ ಕಾರಣಕ್ಕೆ. ನಮ್ಮ ಸಂಗೀತ ಪಾಠಗಳಲ್ಲಿ ಬಿಳಿಯ ಮನೆಗಳನ್ನು ಒಂದರಿಂದ ಏಳರವರೆಗೆ ಎಣಿಸಿ, ನಡುವಿನ ಕಪ್ಪು ಮನೆಗಳಿಗೆ ಒಂದೂವರೆ, ಎರಡೂವರೆ ಎನ್ನುವುದು ವಾಡಿಕೆ. ಸಾಮಾನ್ಯವಾಗಿ ಗಂಡಸರು ಒಂದು, ಒಂದೂವರೆ ಮನೆಯ ಸುತ್ತ, ಹೆಂಗಸರು ಐದು, ಐದೂವರೆ ಮನೆಯ ಸುತ್ತ ಹಾಡುತ್ತಾರೆ. ಮಕ್ಕಳಲ್ಲಿ ಇದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಏಳು, ಎಂಟನೆಯ ತರಗತಿಯ ಹುಡುಗರಿಗಂತೂ ದನಿ ಒಡೆಯುವ ಕಾಲ. ಬೇಸಿಗೆ ರಜೆಗೆ ಊರಿಗೆ ಹೋಗುವ ಮುನ್ನ ಐದು ಮನೆಯಲ್ಲಿ ಸಲೀಸಾಗಿ ಹಾಡುತ್ತಿದ್ದ ಹುಡುಗನಿಗೆ ಡಿಸೆಂಬರಿನ ಹೊತ್ತಿಗೆ ಮೂರು ಮನೆಯೂ ಎತ್ತರವೆನಿಸಬಹುದು. ಅವನ ದನಿ ಬದಲಾದದ್ದು ಗುಂಡಿಗೆ ಹೇಗೆ ಗೊತ್ತಾಗಬೇಕು? ಅದು ಬೇಸಿಗೆಯ ಹುಡುಗನನ್ನೇ ನೆನಪಿಟ್ಟುಕೊಂಡು ಕುಳಿತಿರುತ್ತದೆ.

“ಸೇವ್ ಆಗಿಬಿಟ್ಟಿದೆ, ನೀನೇ ಸ್ವಲ್ಪ ಎತ್ತಿ ಹಾಡು” ಎಂಬ ಮಾತನ್ನು ಯಾವ ಮಗುವಿಗೂ ಹೇಳಬಾರದು. ಕಟ್ಟಾದ ದನಿಯಲ್ಲಿ ಸಭೆಯ ಮುಂದೆ ಹಾಡಿ ಅವಮಾನಪಟ್ಟ ಹುಡುಗ ಮತ್ತೆ ಮೈಕಿನ ಹತ್ತಿರ ಬರುವುದು ಕಷ್ಟ. ಮನೆಯಲ್ಲಿ ಕನ್ನಡ ಕಡಿಮೆಯಾಗುತ್ತಿರುವ ನಮ್ಮ ಮಕ್ಕಳ ಪಾಲಿಗೆ ಹಾಡು ಭಾಷೆಯ ಒಂದು ಬಾಗಿಲು. ಒಂದು ಟ್ರಾನ್ಸ್‌ಪೋಸ್ ನಂಬರಿನ ಸಲುವಾಗಿ ಆ ಬಾಗಿಲು ಮುಚ್ಚಿದರೆ ನಷ್ಟ ಯಾರಿಗೆ? ಶ್ರುತಿಯನ್ನು ಹಾಡುವವರು ಹೇಳಬೇಕು, ನುಡಿಸುವವರು ಕೇಳಬೇಕು. ಕಾರ್ಯಕ್ರಮದ ಹಿಂದಿನ ದಿನ ಪ್ರತಿ ಮಗುವಿನಿಂದ ಹಾಡಿನ ಅತಿ ಎತ್ತರದ ಸಾಲನ್ನು ಒಮ್ಮೆ ಹಾಡಿಸಿ ನೋಡಬೇಕು. ಅಗತ್ಯವಿದ್ದರೆ ಹೊಸ ಶ್ರುತಿಯಲ್ಲಿ ಮತ್ತೆ ಉಳಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಹಾಡಿಗೆ ಮೂರು ಗುಂಡಿ ಬಳಸಿದ್ದೀರಿ ಎನ್ನಿ. ಕೊನೆಯ ಗಳಿಗೆಯಲ್ಲಿ ಮಗುವಿಗಾಗಿ ಶ್ರುತಿಯನ್ನು ಒಂದು ಮನೆ ಇಳಿಸಿದಿರಿ. ಪಲ್ಲವಿ ಚೆನ್ನಾಗಿ ಬಂತು. ಬಿಜಿಎಂಗೆ ಕೊಳಲು ಬೇಕೆಂದು ಎರಡನೆಯ ಗುಂಡಿ ಒತ್ತಿದೊಡನೆ ಶ್ರುತಿ ಹಳೆಯ ಜಾಗಕ್ಕೆ ಹಾರುತ್ತದೆ! ಏಕೆಂದರೆ ಹಳೆಯ ಶ್ರುತಿ ಆ ಗುಂಡಿಯಲ್ಲೂ ಉಳಿದಿದೆ. ಇದನ್ನು ತಡೆಯಲು ಯಮಾಹಾದ ಅನೇಕ ಮಾದರಿಗಳಲ್ಲಿ ‘ಫ್ರೀಜ್’ ಎಂಬ ಏರ್ಪಾಡಿದೆ. ಶ್ರುತಿಯನ್ನು ಫ್ರೀಜ್ ಮಾಡಿದರೆ ಯಾವ ಗುಂಡಿ ಒತ್ತಿದರೂ ಅದು ಕದಲುವುದಿಲ್ಲ. ಆ ಸೌಕರ್ಯವಿಲ್ಲದ ವಾದ್ಯದಲ್ಲಿ ಮೂರೂ ಗುಂಡಿಗಳನ್ನು ಹೊಸದಾಗಿ ಉಳಿಸುವುದೇ ದಾರಿ.

ಈ ಭಾಗದ ಅಂಗಡಿಗಳಲ್ಲಿ ಅರಬ್ಬೀ ಸಂಗೀತಕ್ಕೆಂದೇ ಮಾಡಿದ ‘ಓರಿಯಂಟಲ್’ ಮಾದರಿಗಳೂ ಸಿಗುತ್ತವೆ, ಯಮಾಹಾದ ಪಿಎಸ್‌ಆರ್-ಎ ಸರಣಿಯಂಥವು. ಅರಬ್ಬೀ ಮಖಾಮ್‌ಗಳಿಗಾಗಿ ಕೆಲವು ಸ್ವರಗಳನ್ನು ಕಾಲು ಸ್ವರದಷ್ಟು ಇಳಿಸುವ ಗುಂಡಿಗಳು ಅವುಗಳಲ್ಲಿರುತ್ತವೆ. ಅರಬ್ಬೀ ಹಾಡಿಗೆ ಅದು ಬೇಕೇ ಬೇಕು, ಬಲು ಸೊಗಸು ಕೂಡ. ಆದರೆ ಹಾಗೆ ಇಳಿಸಿದ ಸ್ವರ ಹಾಗೆಯೇ ಉಳಿದುಬಿಟ್ಟರೆ ಮುಂದಿನ ದಾಸರ ಪದದಲ್ಲಿ ಗಾಂಧಾರವೋ ನಿಷಾದವೋ ಅಪಸ್ವರವಾಗಿ, ಪಾಪ, ಹಾಡುವ ಮಗುವಿನ ತಪ್ಪೆಂದು ಎಲ್ಲರೂ ತಿಳಿಯುತ್ತಾರೆ. ಹಾಡು ಶುರುವಾಗುವ ಮುನ್ನ ಒಮ್ಮೆ ಸರಿಗಮ ನುಡಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ತಾಳದ ವಿಷಯದಲ್ಲಿಯೂ ಯಂತ್ರಕ್ಕೆ ಮಿತಿಯಿದೆ. ಕೀಬೋರ್ಡಿನೊಳಗಿನ ರಿದಮ್‌ಗಳಲ್ಲಿ ಹೆಚ್ಚಿನವು ನಾಲ್ಕು, ಮೂರು ಅಥವಾ ಆರರ ಎಣಿಕೆಯವು. ಭಾರತಕ್ಕೆಂದೇ ಬಂದ ಪಿಎಸ್‌ಆರ್-ಐ ಸರಣಿಯಲ್ಲಿ ತಬಲಾ, ತಂಬೂರಿಗಳ ನಾದವಿದೆ ನಿಜ. ಆದರೆ ಏಳರ ಎಣಿಕೆಯ ಮಿಶ್ರಛಾಪು ತಾಳದ ಕೃತಿಯನ್ನು ನಾಲ್ಕರ ರಿದಮ್ಮಿಗೆ ಎಳೆದು ಕಟ್ಟಿದರೆ ಕೃತಿಯ ನಡೆಯೇ ಕೆಡುತ್ತದೆ. ಅಂಥ ಹಾಡಿಗೆ ರಿದಮ್ ಇಲ್ಲದೆ ಬರಿಯ ಶ್ರುತಿ ಮತ್ತು ಹಾರ್ಮೋನಿಯಂ ಟೋನ್ ಉಳಿಸಿಡಿ, ತಾಳವನ್ನು ಮಕ್ಕಳೇ ಕೈಯಲ್ಲಿ ಹಾಕಲಿ. ರಾಷ್ಟ್ರಗೀತೆಗೂ ರಿದಮ್ ಬೇಡವೆಂಬುದು ನನ್ನ ಅಭಿಪ್ರಾಯ.

“ಇಷ್ಟೆಲ್ಲ ತಾಪತ್ರಯ ಯಾಕೆ? ಕರೋಕೆ ಟ್ರ್ಯಾಕ್ ಹಾಕಿದರಾಯಿತು” ಎನ್ನುವವರಿದ್ದಾರೆ. ಟ್ರ್ಯಾಕ್‌ಗೆ ಕಣ್ಣಿಲ್ಲ, ಕಿವಿಯಿಲ್ಲ. ಮಗು ಒಂದು ಸಾಲು ಮರೆತರೆ ಅದು ಮುಂದೆ ಹೋಗಿಬಿಡುತ್ತದೆ. ಕೀಬೋರ್ಡಿನ ಮುಂದೆ ಕುಳಿತವರು ಕಾಯಬಲ್ಲರು. ರಿದಮ್ ತನ್ನಷ್ಟಕ್ಕೆ ತಿರುಗುತ್ತಿರುವಾಗ ಪಲ್ಲವಿಯ ಮೊದಲ ನಾಲ್ಕು ಸ್ವರ ನುಡಿಸಿ, ಮಗುವಿನ ಮುಖ ನೋಡಿ ತಲೆಯಾಡಿಸಿದರೆ ಅದು ಮತ್ತೆ ಹಾಡನ್ನು ಹಿಡಿಯುತ್ತದೆ. ನೇರ ವಾದ್ಯದ ಬೆಲೆ ಇರುವುದು ಇಲ್ಲಿ. ಆದರೆ ಹೀಗೆ ಮುಖ ನೋಡಲು ನುಡಿಸುವವರ ಕಣ್ಣು ಗುಂಡಿಗಳಿಂದ ಬಿಡುಗಡೆಯಾಗಿರಬೇಕಲ್ಲವೇ? ಮೊದಲೇ ಉಳಿಸಿಡಿ ಎಂದು ನಾನು ಒತ್ತಿ ಹೇಳುತ್ತಿರುವುದು ಈ ಕಾರಣಕ್ಕೆ.

ಇನ್ನು ನಮ್ಮ ಶಾಲೆಯಲ್ಲಿ ಏನು ಮಾಡಬಹುದು? ನನ್ನ ಸಲಹೆಗಳು ಇಷ್ಟು.

ಒಂದು, ಈ ಕೆಲಸವನ್ನು ಮಕ್ಕಳೇ ಮಾಡಲಿ. ಎಂಟು, ಒಂಬತ್ತನೆಯ ತರಗತಿಯ ಇಬ್ಬರು ಮೂವರು ಶಿಕ್ಷಕರ ಜೊತೆ ಕುಳಿತು ಪ್ರತಿ ಹಾಡಿನ ಹೊಂದಾಣಿಕೆಯನ್ನು ತಯಾರಿಸಲಿ. ಬೇರೆಯವರಿಂದ ಸಿದ್ಧವಾಗಿ ತಂದ ಫೈಲು ಬೇರೆಯವರ ದನಿಗೆ, ಬೇರೆಯವರ ರುಚಿಗೆ ಮಾಡಿದ್ದು. ಅದನ್ನು ನೋಡಿ ಕಲಿಯಬಹುದು, ಹಾಗೆಯೇ ನುಡಿಸಬಾರದು.

ಎರಡು, ಗುಂಡಿಗಳ ಕ್ರಮ ಕಾರ್ಯಕ್ರಮದ ಕ್ರಮವೇ ಆಗಿರಲಿ. ಯಮಾಹಾದ ಪಿಎಸ್‌ಆರ್-ಇ463ರಂಥ ಸಣ್ಣ ಮಾದರಿಯಲ್ಲಿಯೂ ಎಂಟು ಬ್ಯಾಂಕುಗಳು, ಒಂದೊಂದರಲ್ಲಿ ನಾಲ್ಕರಂತೆ ಒಟ್ಟು 32 ಜಾಗಗಳಿವೆ. ಒಂದು ಹಾಡಿಗೆ ಎರಡರಂತೆ ಹದಿನಾರು ಹಾಡು ಹಿಡಿಯುತ್ತವೆ. ಒಂದು ಎಚ್ಚರಿಕೆ: ತುಂಬಿದ ಜಾಗದಲ್ಲಿ ಮತ್ತೆ ಉಳಿಸಿದರೆ ಹಳೆಯದು ಅಳಿಸಿಹೋಗುತ್ತದೆ.

ಮೂರು, ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಡಿ. ಹಾಗೆಯೇ ಒಂದು ದಪ್ಪ ನೋಟ್‌ಬುಕ್ಕಿನಲ್ಲೂ ಬರೆದಿಡಿ. ಹಾಡಿನ ಹೆಸರು, ಹಾಡುವವರು, ಮನೆ, ತಾಳ, ಟೆಂಪೊ, ಟೋನ್‌ಗಳು, ಯಾವ ಸಾಲಿಗೆ ಯಾವ ಗುಂಡಿ ಎಂದು. ಒಂದು ಕಂಪನಿಯ ಫೈಲನ್ನು ಇನ್ನೊಂದು ಕಂಪನಿಯ ಕೀಬೋರ್ಡ್ ಓದುವುದಿಲ್ಲ. ಆದರೆ “ಐದು ಮನೆ, ಟೆಂಪೊ 96, ಪಲ್ಲವಿಗೆ ಹಾರ್ಮೋನಿಯಂ” ಎಂಬ ಬರಹವನ್ನು ಯಾರು ಬೇಕಾದರೂ ಓದಬಹುದು. ನಮ್ಮದು ವಲಸೆಯ ಬದುಕು. ಅಪ್ಪನಿಗೆ ವರ್ಗವಾದರೆ ಮಗಳೂ ಶಾಲೆ ಬಿಡುತ್ತಾಳೆ, ಹನ್ನೆರಡನೆಯ ತರಗತಿ ಮುಗಿಸಿದವರು ಊರಿಗೆ ಹೊರಡುತ್ತಾರೆ. ಅವರು ಕಲಿತದ್ದು ಅವರ ಜೊತೆಗೇ ವಿಮಾನ ಹತ್ತದಂತೆ ಆ ನೋಟ್‌ಬುಕ್ ಕಾಯುತ್ತದೆ.

ನಾಲ್ಕು, ಕಾರ್ಯಕ್ರಮಕ್ಕೆ ಮೊದಲು ಒಂದು ಪ್ರಾಕ್ಟೀಸನ್ನಾದರೂ ಗುಂಡಿಯ ನೆನಪಿಲ್ಲದೆ ಮಾಡಿ. ಬರಿಯ ಪಿಯಾನೊ ಟೋನ್, ರಿದಮ್ ಇಲ್ಲ. ಆಗಲೂ ಹಾಡು ನಿಂತರೆ ಅದು ನಿಜವಾಗಿ ಕಲಿತ ಹಾಡು. ನುಡಿಸುವ ಮಕ್ಕಳು ಟ್ರಾನ್ಸ್‌ಪೋಸ್ ಇಲ್ಲದೆ ಎರಡು ಮೂರು ಬೇರೆ ಬೇರೆ ಮನೆಗಳಿಂದ ಒಂದೇ ಹಾಡನ್ನು ನುಡಿಸಲು ಕಲಿತರೆ ಇನ್ನೂ ಒಳ್ಳೆಯದು.

ಪೋಷಕರಲ್ಲಿ ಒಂದು ವಿನಂತಿ. ಕಾರ್ಯಕ್ರಮದಲ್ಲಿ ಹಾಡಿದ ಮಕ್ಕಳಿಗೆ ಚಪ್ಪಾಳೆ ತಟ್ಟುವಾಗ ಮೂಲೆಯಲ್ಲಿ ಕೀಬೋರ್ಡಿನ ಹಿಂದೆ ಕುಳಿತ ವಿದ್ಯಾರ್ಥಿಯನ್ನೂ ಒಮ್ಮೆ ನೋಡಿ. ಅವನೋ ಅವಳೋ ವಾರಗಟ್ಟಲೆ ಕುಳಿತು ಒಬ್ಬೊಬ್ಬ ಗೆಳೆಯನ ದನಿಗೂ ತಕ್ಕ ಮನೆ ಹುಡುಕಿ ಇಟ್ಟಿರುತ್ತಾರೆ. ತನ್ನ ಕೈಚಳಕವನ್ನು ಬದಿಗಿಟ್ಟು ಇನ್ನೊಬ್ಬರ ದನಿ ಕೇಳುವಂತೆ ಮಾಡುವುದು ಸಣ್ಣ ವಿದ್ಯೆಯಲ್ಲ. ಮಕ್ಕಳೇ, ಈ ವರ್ಷದ ಪ್ರಾಕ್ಟೀಸ್ ಶುರುವಾಗುವ ಮೊದಲು ಒಂದು ನೋಟ್‌ಬುಕ್ ಕೊಂಡು ತನ್ನಿ, ಮೊದಲ ಪುಟದಲ್ಲಿ ಮೊದಲ ಹಾಡಿನ ಹೆಸರು ಬರೆಯಿರಿ. ಅದರ ಎದುರು ಮನೆಯ ಸಂಖ್ಯೆ ಬರೆಯುವ ಮುನ್ನ ಮಾತ್ರ ಹಾಡುವವರನ್ನು ಕೇಳುವುದನ್ನು ಮರೆಯಬೇಡಿ.