ಬಂಗಾಳಕೊಲ್ಲಿಯೇ ಕೋಲಾರದ ಕಡಲು

ಚಂಡಮಾರುತ ಎಂದರೆ ಕರಾವಳಿಯವರ ಪಾಡು ಎಂದು ಕರ್ನಾಟಕದಲ್ಲಿ ನಂಬಿಕೊಂಡಿದ್ದೇವೆ. ಮುನ್ನೆಚ್ಚರಿಕೆಯ ಮಾತು ಬಂದಾಗಲೆಲ್ಲ ಮಂಗಳೂರು, ಉಡುಪಿ, ಕಾರವಾರದ ಹೆಸರೇ ಬರುತ್ತದೆ. ಒಮ್ಮೆ ಭೂಪಟ ಬಿಡಿಸಿ ನೋಡಿ. ಕೆಜಿಎಫ್‌ನಿಂದ ಮಂಗಳೂರಿನ ಕಡಲಿಗೆ ನೇರ ಗೆರೆ ಎಳೆದರೆ 350 ಕಿಲೋಮೀಟರ್ ದಾಟುತ್ತದೆ. ಚೆನ್ನೈನ ಕಡಲಿಗೆ ಸುಮಾರು 220 ಕಿಲೋಮೀಟರ್ ಅಷ್ಟೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಮ್ಮ ಮಟ್ಟಿಗೆ ಹತ್ತಿರದ ಕಡಲು ಬಂಗಾಳಕೊಲ್ಲಿಯೇ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಏಳುವ ಬಿರುಗಾಳಿಗೆ ಕೋಲಾರ ಜಿಲ್ಲೆ ಪ್ರತಿವರ್ಷ ಮೊದಲೇ ಸಿದ್ಧವಾಗಬೇಕು. ಇಂದಿನವರೆಗೆ ಆಗಿಲ್ಲ.

ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಅಪ್ಪ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದರು, ನಾನು ಬೆಳೆದದ್ದು ಲೈನು ಮನೆಯಲ್ಲಿ. ಗಂಡನ ಊರು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ಕಡೆ, ಅಲ್ಲಿ ಇಂದಿಗೂ ರಾಗಿ ಹೊಲವಿದೆ. ಹಾಗಾಗಿ ಹಿಂಗಾರಿನ ಈ ಮಳೆಯನ್ನು ಪೇಟೆಯಲ್ಲೂ ಹೊಲದಲ್ಲೂ ಕಂಡಿದ್ದೇನೆ. ಲೈನಿನ ತಮಿಳು ನೆರೆಯವರು ‘ಪುಯಲ್’ ಎಂದರೆ ನಮ್ಮೂರಿನವರು ‘ಸೈಕ್ಲೋನು ಹಿಡಿದಿದೆ’ ಎನ್ನುತ್ತಾರೆ. ದಡ ಮುಟ್ಟಿದ ಮೇಲೆ ಗಾಳಿಯ ಬಲ ಕುಂದುತ್ತದೆ, ಆದರೆ ಮೋಡಗಳ ರಾಶಿ ಘಟ್ಟ ಹತ್ತಿ ಎಂಟುನೂರು ಮೀಟರ್‌ಗೂ ಎತ್ತರದ ನಮ್ಮ ನೆಲದ ಮೇಲೆ ನಿಂತುಬಿಡುತ್ತದೆ. ಆಮೇಲೆ ಎರಡು ಮೂರು ದಿನ ಬಿಸಿಲೇ ಇಲ್ಲ. ಬಿಡದ ಜಡಿಮಳೆ, ಮೂಳೆ ಕೊರೆಯುವ ಥಂಡಿ.

2020ರಲ್ಲಿ ನಿವಾರ್, 2022ರಲ್ಲಿ ಮ್ಯಾಂಡಸ್, 2023ರಲ್ಲಿ ಮಿಚಾಂಗ್, 2024ರಲ್ಲಿ ಫೆಂಗಲ್ ಬಂದವು. ಆದರೆ ಈಚಿನ ವರ್ಷಗಳಲ್ಲಿ ಪಾಲಾರ್ ನದಿಯನ್ನು ಎಬ್ಬಿಸಿದ ಮಳೆಗೆ ಹೆಸರೇ ಇರಲಿಲ್ಲ. 2021ರ ನವೆಂಬರ್‌ನಲ್ಲಿ ಚೆನ್ನೈ ಬಳಿ ದಡ ಸೇರಿದ್ದು ಬರೀ ವಾಯುಭಾರ ಕುಸಿತ. ಅಷ್ಟಕ್ಕೇ ಪಾಲಾರ್ ಉಕ್ಕಿತು, ಕೆಜಿಎಫ್‌ಗೆ ನೂರು ವರ್ಷದಿಂದ ಕುಡಿಯುವ ನೀರು ಕೊಟ್ಟ ಬೇತಮಂಗಲ ಕೆರೆ ಕೋಡಿ ಬಿತ್ತು, ಕೆಳಗೆ ವೇಲೂರಿನವರೆಗೆ ನದಿ ದಡ ಮೀರಿ ಹರಿಯಿತು. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಮಾತ್ರ ಚಂಡಮಾರುತಕ್ಕೆ ಹೆಸರಿಡುತ್ತಾರೆ. ಅದು ಗಾಳಿಯ ಲೆಕ್ಕ. ನಮ್ಮನ್ನು ಕೆಡಿಸುವುದು ನೀರು. ಹೆಸರಿಟ್ಟ ಮೇಲೆ ಎಚ್ಚರವಾಗೋಣ ಎಂದು ಕೂತರೆ ಇಂಥ ಮಳೆ ನಮ್ಮನ್ನು ನಿದ್ದೆಯಲ್ಲೇ ಹಿಡಿಯುತ್ತದೆ. 1903ರ ನವೆಂಬರ್‌ನಲ್ಲಿ ಇದೇ ಪಾಲಾರ್ ವಾಣಿಯಂಬಾಡಿಗೆ ನುಗ್ಗಿ ಬಹಳ ಜನರ ಜೀವ ತೆಗೆದಿತ್ತು. ಅದರ ನೆನಪಿನ ಕಂಬ ಅಲ್ಲಿದೆ. ನಾವು ಮೇಲಿನವರು. ನಮ್ಮ ಕೆರೆ ಏರಿಗಳು ಗಟ್ಟಿಯಾಗಿದ್ದರೆ ಕೆಳಗಿನವರ ಜೀವವೂ ಉಳಿಯುತ್ತದೆ.

ಕೆರೆಗಳ ವಿಷಯಕ್ಕೆ ಬಂದರೆ, 2018ರಿಂದ ಒಂದು ದೊಡ್ಡ ಬದಲಾವಣೆಯಾಗಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿನ ಗುಣದ ಚರ್ಚೆ ಬೇರೆ. ಹಿಂದೆ ನವೆಂಬರ್ ಮಳೆ ಬರುವಾಗ ಎಷ್ಟೋ ಕೆರೆಗಳು ಬತ್ತಿರುತ್ತಿದ್ದವು, ಬಂದ ನೀರನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದವು. ಈಗ ಆ ಯೋಜನೆಯ ಕೆರೆಗಳು ತುಂಬಿಯೇ ಇರುತ್ತವೆ. ತುಂಬಿದ ಕೆರೆಗೆ ಸೈಕ್ಲೋನು ಮಳೆ ಬಿದ್ದರೆ ನೀರಿಗೆ ಇರುವುದು ಕೋಡಿಯೊಂದೇ ದಾರಿ. ಕೋಡಿಯಿಂದ ಮುಂದಿನ ರಾಜಕಾಲುವೆಯಲ್ಲಿ ಜಾಲಿ ಬೆಳೆದಿದೆ, ಅಲ್ಲಲ್ಲಿ ಶೆಡ್ಡು ಎದ್ದಿದೆ, ಲೇಔಟಿನ ಮಣ್ಣು ಬಿದ್ದಿದೆ. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಏರಿಯಲ್ಲಿ ಎಲ್ಲಿ ಇಲಿಬಿಲ ಬಿದ್ದಿದೆ ಎಂದು ಅವನಿಗೆ ಗೊತ್ತಿತ್ತು. ಆ ಕೆಲಸಕ್ಕೆ ಸಂಬಳ ಕೊಟ್ಟು ಮತ್ತೆ ಜನರನ್ನು ನೇಮಿಸಬೇಕು. ಮುನ್ಸೂಚನೆ ಬಂದ ದಿನವೇ ಕೆರೆಗೆ ಪಂಪು ನೀರು ನಿಲ್ಲಬೇಕು, ತೂಬು ಎತ್ತಿ ಮಳೆನೀರಿಗೆ ಜಾಗ ಮಾಡಬೇಕು.

ಕೆಜಿಎಫ್‌ನ ಕಷ್ಟ ಇನ್ನೊಂದು ಬಗೆಯದು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಸೂರಿಗೆ ತಗಡು, ಗೋಡೆಗೆ ಸುಣ್ಣ ಎಂದು ನೋಡಿಕೊಳ್ಳುವವರು ಅಂದೇ ಇಲ್ಲವಾದರು. ಲೈನುಗಳಲ್ಲಿ ಇಂದಿಗೂ ಸಾವಿರಾರು ಸಂಸಾರಗಳಿವೆ. ಹಲವು ಮನೆಗಳದ್ದು ಮಣ್ಣಿನ ಗೋಡೆ, ತೂತು ಬಿದ್ದ ತಗಡು. ನೆನೆದ ಮಣ್ಣಿನ ಗೋಡೆ ಮಳೆ ಸುರಿಯುವಾಗಲೇ ಬೀಳಬೇಕೆಂದಿಲ್ಲ, ಮಳೆ ನಿಂತು ಎಲ್ಲರೂ ಒಳಗೆ ಮಲಗಿದ ರಾತ್ರಿಯೂ ಬೀಳುತ್ತದೆ. ಇದನ್ನು ಅಪ್ಪ ನಮಗೆ ಹೇಳಿಕೊಟ್ಟಿದ್ದರು, ನಾನು ನನ್ನ ಮಕ್ಕಳಿಗೆ ಹೇಳಿದ್ದೇನೆ. ಅಧಿಕಾರಿಗಳೂ ತಿಳಿದಿರಬೇಕು, ಏಕೆಂದರೆ ಮಳೆ ನಿಂತ ಕೂಡಲೇ ಆಶ್ರಯ ಕೇಂದ್ರ ಮುಚ್ಚಿದರೆ ಆಪತ್ತು ಅಲ್ಲಿಂದಲೇ ಶುರು.

ಊರಿನ ಮೇಲೆ ಸೈನೈಡ್ ಗುಡ್ಡಗಳೂ ನಿಂತಿವೆ. ನೂರಿಪ್ಪತ್ತು ವರ್ಷ ಅರೆದ ಕಲ್ಲಿನ ಹುಡಿ ಅದು, 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್. ಬೇಸಿಗೆಯಲ್ಲಿ ಅದರ ಧೂಳು ಕಣ್ಣಿಗೆ ಬಿದ್ದು ಎಲ್ಲರೂ ದೂರುತ್ತೇವೆ. ಜಡಿಮಳೆಯಲ್ಲಿ ಅದೇ ಹುಡಿ ಕೊರಕಲು ಬಿದ್ದು ಚರಂಡಿಗೆ, ಹೊಲಕ್ಕೆ, ಕುಂಟೆಗೆ ಇಳಿಯುತ್ತದೆ. ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ದಿಬ್ಬ ಅಗೆಯುವ ಮೊದಲು ಅದರ ಬುಡದಲ್ಲಿ ಹಿಂಗಾರಿನ ಭಾರಿ ಮಳೆಯನ್ನು ತಡೆಯುವ ಒಡ್ಡು ಮತ್ತು ಕಾಲುವೆ ಕಟ್ಟಲೇಬೇಕು. ಅದಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು.

ಇನ್ನು ಹೊಲ. ಮುಂಗಾರಿನಲ್ಲಿ ಬಿತ್ತಿದ ರಾಗಿ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲೇ. ಕೊಯ್ದ ತೆನೆ ಹೊಲದಲ್ಲಿ ಹರಡಿರುವಾಗ ಮಳೆ ಹಿಡಿದರೆ ಕಾಳು ಅಲ್ಲೇ ಮೊಳೆಯುತ್ತದೆ, ಹುಲ್ಲು ಕೊಳೆತು ದನಕ್ಕೂ ದಕ್ಕುವುದಿಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಇದಕ್ಕೇ ಒಂದು ನಿಯಮವಿದೆ: ಕೊಯ್ದು ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಚಂಡಮಾರುತದ ಮಳೆಗೆ ಹಾಳಾದರೆ ಪರಿಹಾರ ಕೇಳಬಹುದು, ಆದರೆ 72 ಗಂಟೆಯೊಳಗೆ ತಿಳಿಸಬೇಕು. ಪ್ರೀಮಿಯಂ ಕಟ್ಟಿದ ನಮ್ಮ ಊರಿನವರಲ್ಲೇ ಎಷ್ಟೋ ಜನ ಈ ಗಡುವನ್ನು ಕೇಳಿಲ್ಲ. ರೈತ ಸಂಪರ್ಕ ಕೇಂದ್ರಗಳು ಅಕ್ಟೋಬರ್‌ನಲ್ಲೇ ಡಂಗುರ ಹೊಡೆಸಿ ಹೇಳಲಿ. ಕುಸಿತದ ಸುದ್ದಿ ಬಂದ ದಿನ ‘ಕೊಯ್ಲು ನಾಲ್ಕು ದಿನ ತಡೆಯಿರಿ, ಕೊಯ್ದದ್ದನ್ನು ಮೆದೆ ಹಾಕಿ ಮುಚ್ಚಿ’ ಎಂಬ ಮಾತು ಪ್ರತಿ ಊರಿಗೂ ತಲುಪಲಿ.

ಇದೆಲ್ಲ ಆಗದ ಕೆಲಸವೇನಲ್ಲ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಅದೇ ರಾಜ್ಯ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿತ್ತು, ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಗಾಳಿ ಮೆತ್ತಗಾಗಿರಲಿಲ್ಲ, ಯಾರು ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಊರೂರಿನಲ್ಲಿ ಗೊತ್ತಾಗಿತ್ತು. ಹವಾಮಾನ ಇಲಾಖೆ ಇಂದು ನಾಲ್ಕೈದು ದಿನ ಮೊದಲೇ ಸೂಚನೆ ಕೊಡುತ್ತದೆ, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲೇ ಇವೆ. ಆ ನಾಲ್ಕು ದಿನವನ್ನು ನಾವು ಶಾಲೆಗೆ ರಜೆ ಸಾರುವುದರಲ್ಲೇ ಮುಗಿಸುತ್ತಿದ್ದೇವೆ. ಮಕ್ಕಳಿಗೆ ರಜೆ ಬೇಕು, ಸರಿ. ಆದರೆ ರಜೆ ಸಿಕ್ಕ ಮಗು ಹೋಗಿ ಕೂರುವುದು ಅದೇ ನೆನೆದ ಗೋಡೆಯ ಪಕ್ಕದಲ್ಲಿ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಯೋಜನೆ ಇರಬೇಕು, ಅದರ ಹೊಣೆ ಜಿಲ್ಲಾಧಿಕಾರಿಯವರ ನೇತೃತ್ವದ ಪ್ರಾಧಿಕಾರದ್ದು. ಕೋಲಾರದ ಯೋಜನೆಯಲ್ಲಿ ಬರದ ಜೊತೆಗೆ ಬಂಗಾಳಕೊಲ್ಲಿಯ ಮಳೆಗೂ ಒಂದು ಪೂರ್ಣ ಅಧ್ಯಾಯ ಇರಲಿ. ಅಕ್ಟೋಬರ್ 2ರ ಗ್ರಾಮಸಭೆಗಳಲ್ಲಿ ಊರ ಕೆರೆಯ ಏರಿ, ತೂಬು, ಕೋಡಿಯ ಸ್ಥಿತಿಯನ್ನು ಓದಿ ಹೇಳಲಿ. ರಾಬರ್ಟ್‌ಸನ್‌ಪೇಟೆ ನಗರಸಭೆ ಬೀಳುವಂತಿರುವ ಮನೆಗಳನ್ನು ಲೈನುವಾರು ಪಟ್ಟಿ ಮಾಡಿ, ಆ ಸಂಸಾರಗಳು ಯಾವ ಶಾಲೆಗೆ ಹೋಗಬೇಕೆಂದು ಮೊದಲೇ ಬರೆದು ಅಂಟಿಸಲಿ. ಲೈನಿನ ಜಾಗ ಕೇಂದ್ರದ್ದೋ ರಾಜ್ಯದ್ದೋ ಎಂಬ ವಾದ ಮುಗಿಯುವವರೆಗೂ ತಗಡಿನ ರಿಪೇರಿ ಕಾಯಬಾರದು, ಖರ್ಚನ್ನು ಇಬ್ಬರೂ ಹಂಚಿಕೊಳ್ಳಲಿ. ಹಿಂಗಾರು ಶುರುವಾಗುವ ಮೊದಲು ಈ ಕೆಲಸಗಳಲ್ಲಿ ಎಷ್ಟು ಆಗಿವೆ ಎಂದು ನಮ್ಮ ಶಾಸಕರನ್ನು, ಸಂಸದರನ್ನು ನಾವೇ ಹೋಗಿ ಕೇಳೋಣ, ಪ್ರತಿವರ್ಷ ಕೇಳೋಣ.