ಸುರಕ್ಷತೆಯ ಸಂಕೇತ ವಸೂಲಿಗಲ್ಲ

ಅಮೆರಿಕದ ಸಣ್ಣ ವಿಮಾನ ನಿಲ್ದಾಣಗಳು ವಿಮಾನಗಳು ತಮ್ಮ ಗುರುತು, ಸ್ಥಾನ ಸಾರುವ ಎಡಿಎಸ್-ಬಿ ಸಂಕೇತದ ದತ್ತಾಂಶ ನೋಡಿ ಖಾಸಗಿ ಪೈಲಟ್‌ಗಳಿಗೆ ಲ್ಯಾಂಡಿಂಗ್ ಶುಲ್ಕದ ಬಿಲ್ ಕಳಿಸುವುದು ನ್ಯಾಯವೇ, ಸಂಕೇತ ಹೇಗೂ ಬಹಿರಂಗವಾಗಿದೆ ಎಂಬ ವಾದವನ್ನು ಒಪ್ಪಲಾಗದು.

ಈ ಸಂಕೇತ ಬಹಿರಂಗವಾಗಿರುವುದು ವಿಮಾನಗಳು ಆಗಸದಲ್ಲಿ ಪರಸ್ಪರ ಡಿಕ್ಕಿಯಾಗದಿರಲೆಂದು. 2020ರ ಜನವರಿ 1ರಿಂದ ಅಲ್ಲಿನ ನಿಯಂತ್ರಿತ ವಾಯುಪ್ರದೇಶದ ಬಹುಭಾಗದಲ್ಲಿ ಇದು ಕಡ್ಡಾಯ. ಉಪಕರಣ ಅಳವಡಿಸಿದ ವಿಮಾನ ಅದನ್ನು ಸದಾ ಚಾಲೂ ಇಡಬೇಕೆಂಬ ನಿಯಮವೂ ಇದೆ. ಪೈಲಟ್ ತನ್ನ ದುಡ್ಡಿನಲ್ಲಿ ಹಾಕಿಸಿಕೊಂಡ, ಆಫ್ ಮಾಡುವ ಹಕ್ಕೂ ಇಲ್ಲದ ಉಪಕರಣವನ್ನು ವಸೂಲಿಗೆ ಬಳಸುವುದು ನಂಬಿಕೆದ್ರೋಹ. ಸಂಕೇತದಲ್ಲಿರುವ ಗುರುತಿನ ಸಂಖ್ಯೆಯನ್ನು ನೋಂದಣಿ ದಾಖಲೆಗೆ ತಾಳೆ ಹಾಕಿದರೆ ಮಾಲೀಕರ ಹೆಸರು, ಓಡಾಟ ಎರಡೂ ಬಯಲಾಗುತ್ತವೆ.

ರನ್‌ವೇ ನಿರ್ವಹಣೆಗೆ ಹಣ ಬೇಕು, ನಿಜ. ಆದರೆ ಪೈಲಟ್‌ಗಳು ಏನೂ ಕೊಡುತ್ತಿಲ್ಲ ಎಂಬ ಧ್ವನಿ ತಪ್ಪು. ಏವ್‌ಗ್ಯಾಸ್ ಇಂಧನದ ಪ್ರತಿ ಗ್ಯಾಲನ್‌ಗೆ ಅವರು 19.4 ಸೆಂಟ್ ಕೇಂದ್ರ ತೆರಿಗೆ ತೆರುತ್ತಾರೆ. ಅದರ ಬಹುಪಾಲು ಸೇರುವ ವಿಮಾನಯಾನ ನಿಧಿಯಿಂದಲೇ ನಿಲ್ದಾಣಗಳಿಗೆ ಅನುದಾನ ಬರುತ್ತದೆ. ಹ್ಯಾಂಗರ್ ಬಾಡಿಗೆ ಬೇರೆ.

ಹೆಚ್ಚು ನಷ್ಟ ವಿಮಾನ ಹಾರಾಟ ಕಲಿಯುವ ವಿದ್ಯಾರ್ಥಿಗಳಿಗೆ. ಇಳಿದು, ನಿಲ್ಲದೆ ಮತ್ತೆ ಏರುವ ಅಭ್ಯಾಸದಿಂದಲೇ ಅವರ ಕೈ ಪಳಗುವುದು. ಪ್ರತಿ ಸ್ಪರ್ಶಕ್ಕೂ ಬಿಲ್ ಬಂದರೆ ಅಭ್ಯಾಸ ಕುಗ್ಗುತ್ತದೆ, ಅಪಾಯ ಹಿಗ್ಗುತ್ತದೆ.

ಈ ದತ್ತಾಂಶವನ್ನು ಶುಲ್ಕ ವಸೂಲಿಗೆ ಬಳಸದಂತೆ ತಡೆಯುವ ಮಸೂದೆ 2025ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ನಿಲ್ದಾಣಗಳು ಶುಲ್ಕ ಕೇಳಲಿ, ಆದರೆ ಲೆಕ್ಕವನ್ನು ಬೇರೆ ದಾರಿಯಲ್ಲಿ ಇಡಲಿ. ಜೀವ ಉಳಿಸಲೆಂದು ಕೇಳಿ ಪಡೆದ ಮಾಹಿತಿ ಆ ಕೆಲಸಕ್ಕಷ್ಟೇ ಮೀಸಲಾಗಬೇಕು.